ತಾರೆಯರ ಮೇಲಿನ ಅಭಿಮಾನ: ಒಂದು ವಿಚಾರ

ನಾವು ಎಂದೂ ಮಾತನಾಡಿಸದ, ನಮ್ಮ ಹೆಸರನ್ನೂ ಅರಿಯದ ಒಬ್ಬ ನಟನಿಗಾಗಿ ನಮ್ಮ ಕಣ್ಣು ತುಂಬಿ ಬರುವುದೇಕೆ? ತಾಳವಾಡಿ ಸೀಮೆಯವರಾದ ನಮಗೆ ಈ ಪ್ರಶ್ನೆ ಹೊಸದಲ್ಲ. 2000ನೆಯ ಇಸವಿ ಜುಲೈ 30ರ ರಾತ್ರಿ ನಮ್ಮ ಗಾಜನೂರಿನ ಮನೆಯಿಂದಲೇ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದನು. ಬಿಡುಗಡೆಯಾದದ್ದು 108 ದಿನಗಳ ಬಳಿಕ. ಅವರನ್ನು ಹತ್ತಿರದಿಂದ ಒಮ್ಮೆಯೂ ಕಾಣದವರು ಸಹ ಮನೆಯ ಹಿರಿಯರೇ ಕಾಣೆಯಾದಂತೆ ಕಳವಳಪಟ್ಟರು. ದೇವರಿಗೆ ಹರಕೆ ಹೊತ್ತರು. ಇದರ ಕಾರಣಗಳನ್ನು ವಿಚಾರಿಸೋಣ.

ಮೊದಲನೆಯದು ರೂಢಿ. ಒಂದು ಮುಖವನ್ನು ಮತ್ತೆ ಮತ್ತೆ ಕಂಡಷ್ಟೂ ಅದು ನಮಗೆ ಹಿತವಾಗುತ್ತದೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು.

ಎರಡನೆಯದು ಆಪ್ತಭಾವ. ತೆರೆಯ ಮೇಲಿನ ಮುಖ ನಮ್ಮತ್ತ ನೋಡಿ ನಗುತ್ತದೆ, ನಮ್ಮೆದುರಿಗೇ ಅಳುತ್ತದೆ. ಬುದ್ಧಿಗೆ ಅದು ಚಿತ್ರವೆಂದು ತಿಳಿದಿದ್ದರೂ ಮನಸ್ಸು ನೆಂಟಸ್ತಿಕೆ ಬೆಳೆಸುತ್ತದೆ. ನಾವು ಅವರನ್ನು ಬಲ್ಲೆವು, ಅವರು ನಮ್ಮನ್ನು ಅರಿಯರು. ಇಂಥ ಒಮ್ಮುಖದ ಸ್ನೇಹವನ್ನು ಅಮೆರಿಕದ ಹಾರ್ಟನ್ ಮತ್ತು ವೋಲ್ ಎಂಬ ವಿದ್ವಾಂಸರು 1956ರಲ್ಲೇ ವಿವರಿಸಿದ್ದರು.

ಮೂರನೆಯದು ಆದರ್ಶ. ನಾವು ಆಗಬಯಸುವುದನ್ನು ಪಾತ್ರದಲ್ಲಿ ಕಾಣುತ್ತೇವೆ. 1972ರ 'ಬಂಗಾರದ ಮನುಷ್ಯ' ಚಿತ್ರವನ್ನು ನೋಡಿ ಬೇಸಾಯಕ್ಕೆ ಮರಳಿದ ಯುವಕರ ಮಾತನ್ನು ಹಿರಿಯರು ಈಗಲೂ ಹೇಳುತ್ತಾರೆ. ಆದರೆ ಪಾತ್ರ ಬೇರೆ, ವ್ಯಕ್ತಿ ಬೇರೆ ಎಂಬುದನ್ನು ನಾವು ಮರೆಯಬಾರದು.

ನಾಲ್ಕನೆಯದು 'ಇವರು ನಮ್ಮವರು' ಎಂಬ ಹೆಮ್ಮೆ. ಗಡಿಯಾಚೆ ಇದ್ದು ಕನ್ನಡದಲ್ಲಿ ಓದುವ ನಮಗೆ ಇದು ಚೆನ್ನಾಗಿ ಗೊತ್ತು. ಶಾಲೆಯಲ್ಲಿ ಹೆಚ್ಚು ಕಲಿಯದ ಗಾಜನೂರಿನ ಮುತ್ತುರಾಜ ಗುಬ್ಬಿ ಕಂಪನಿಯ ರಂಗದ ಮೇಲೆ ನುಡಿಯನ್ನು ಪಳಗಿಸಿಕೊಂಡು, 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ನಾಡಿಗೆಲ್ಲ ಪರಿಚಿತನಾದನು. ಅವರ ಶುದ್ಧ ಉಚ್ಚಾರಣೆಯನ್ನು ಕೇಳಿದಾಗ ನಮ್ಮ ಭಾಷೆಯೇ ತಲೆಯೆತ್ತಿ ನಿಂತಂತೆ ನಮಗೆ ತೋರುತ್ತದೆ.

ಅಭಿಮಾನ ನೀರಿನಂತೆ. ಕಾಲುವೆಯಲ್ಲಿ ಹರಿದರೆ ಪೈರು, ಏರಿ ಒಡೆದರೆ ಹಾನಿ. 2006ರ ಏಪ್ರಿಲ್ 12ರಂದು ರಾಜಕುಮಾರ್ ನಿಧನರಾದಾಗ ಬೆಂಗಳೂರಿನಲ್ಲಿ ಗಲಭೆಯಾಗಿ ಪ್ರಾಣಗಳೇ ಹೋದವು. ಅವರ ಮೇಲಿನ ಪ್ರೀತಿಯೇ ಬೇರೆ ಮನೆಗಳಿಗೆ ದುಃಖ ತಂದಿತು. ಆದರೆ ಅಂದು ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಮಗ ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳನ್ನೂ ದಾನ ಮಾಡಲಾಯಿತು. ಬಳಿಕ ಸಾವಿರಾರು ಅಭಿಮಾನಿಗಳು ನೇತ್ರದಾನಕ್ಕೆ ಹೆಸರು ಬರೆಸಿದರು. ಪ್ರೀತಿ ಒಂದೇ, ಹರಿದ ದಾರಿ ಬೇರೆ.

ಆದುದರಿಂದ ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮಕ್ಕಳು ಗೋಡೆಗೆ ನಟನ ಚಿತ್ರ ಅಂಟಿಸಿದರೆ ಗದರಬೇಡಿರಿ. "ಅವರಲ್ಲಿ ನಿನಗೆ ಮೆಚ್ಚುಗೆಯಾದ ಗುಣ ಯಾವುದು?" ಎಂದು ಕೇಳಿರಿ. ವಿದ್ಯಾರ್ಥಿಗಳಾದ ನಾವು ಆ ಗುಣದ ಹೆಸರನ್ನು ಹೇಳಲು ಕಲಿಯೋಣ. ಹೇಳಲಾಗದಿದ್ದರೆ ಅದು ಬರಿಯ ಮೋಹ. ಹೇಳಿ, ಅದನ್ನು ನಮ್ಮ ನಡತೆಯಲ್ಲಿ ತಂದರೆ ಅದೇ ನಿಜವಾದ ಅಭಿಮಾನ.