ಸಹಿ ನನ್ನದೊಂದೇ ಸಾಕಿತ್ತು

ಗಂಡನ ಸಹಿ ಬೇಕಿಲ್ಲ. ಅತ್ತೆಯದ್ದೂ ಬೇಕಿಲ್ಲ, ಅಪ್ಪನದ್ದೂ ಬೇಕಿಲ್ಲ. ಹದಿನೆಂಟು ತುಂಬಿದ ಹೆಂಗಸು ಬೇಡದ ಬಸಿರನ್ನು ತೆಗೆಸಿಕೊಳ್ಳುವಾಗ ಕಾನೂನು ಕೇಳುವುದು ಅವಳೊಬ್ಬಳ ಒಪ್ಪಿಗೆಯನ್ನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ನನ್ನ ಕಥೆಯನ್ನು ಪೂರ್ತಿ ಓದುವಷ್ಟು ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ; ಆ ಸ್ಥಿತಿಯಲ್ಲಿ ಇರುವವರಿಗಂತೂ ಇರುವುದೇ ಇಲ್ಲ.

ನಮ್ಮದು ಪಾಳ್ಯ ಹೋಬಳಿ. ಮೂರೆಕರೆ ರೊಬಸ್ಟಾ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. ಮಗಳು ಪಿಯುಸಿ, ಮಗ ಏಳನೇ ಕ್ಲಾಸು. ಕಾಪರ್ ಟಿ ಹಾಕಿಸಿಕೊಂಡಿದ್ದೆ, ವಿಪರೀತ ಬ್ಲೀಡಿಂಗ್ ಆಗಿ ತೆಗೆಸಬೇಕಾಯಿತು. ಹೆಂಗಸರ ಆಪರೇಷನ್ನಿಗಿಂತ ಗಂಡಸರದ್ದು ಸುಲಭ, ಹೊಲಿಗೆಯಿಲ್ಲ, ಅವತ್ತೇ ಮನೆಗೆ ಬರಬಹುದು ಎಂದು ಆಶಾ ಕಾರ್ಯಕರ್ತೆ ನಮ್ಮ ಯಜಮಾನರ ಎದುರಿಗೇ ಹೇಳಿದ್ದಳು. ‘ಕುಯ್ಲು ಮುಗೀಲಿ, ಮಾಡಿಸ್ಕೊಂಡ್ರಾಯ್ತು’ ಅಂದರು. ಕುಯ್ಲು ಮುಗಿದರೆ ಗೊಬ್ಬರ, ಗೊಬ್ಬರ ಮುಗಿದರೆ ಕಳೆ, ಅದು ಮುಗಿಯುವಷ್ಟರಲ್ಲಿ ಮತ್ತೆ ಕುಯ್ಲು. ಅಲ್ಲಿಯವರೆಗೆ ನಿರೋಧ್. ಅದು ಕೈಕೊಟ್ಟಿತು. ನಿರೋಧ್ ಕೈಕೊಟ್ಟು ಬಸಿರಾದರೆ ಅದೇ ಕಾನೂನಿಗೆ ಸಾಕಾಗುವಷ್ಟು ಕಾರಣ. 1971ರ ಎಂಟಿಪಿ (ವೈದ್ಯಕೀಯ ಗರ್ಭಪಾತ) ಕಾಯ್ದೆ ಈ ಅನುಕೂಲವನ್ನು ಮದುವೆಯಾದವರಿಗಷ್ಟೇ ಕೊಟ್ಟಿತ್ತು, 2021ರ ತಿದ್ದುಪಡಿ ಆಗದವರಿಗೂ ಕೊಟ್ಟಿತು.

ಜನವರಿಯ ಕೊನೆಗೆ ತಿಂಗಳು ತಪ್ಪಿತು. ಕಣದಲ್ಲಿ ಹಣ್ಣು ಹರವಿದೆ, ಆಳುಗಳಿಗೆ ಕಾಫಿ ತಿಂಡಿ ಆಗಬೇಕು, ಮೈಕೈ ನೋವು ಯಾವುದರದ್ದೆಂದು ಯಾರು ನೋಡುತ್ತಾರೆ? ಪಾಳ್ಯದ ಮೆಡಿಕಲ್ ಸ್ಟೋರಿನಲ್ಲಿ ಬಸಿರು ಪರೀಕ್ಷೆಯ ಕಾರ್ಡು ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಆಶಾ ಹತ್ತಿರ ಸರ್ಕಾರದ ಕಿಟ್ ಪುಕ್ಕಟೆ ಸಿಗುತ್ತದೆ, ಅವಳ ಬಾಯಿಯೂ ಭದ್ರ. ಎರಡು ಗೆರೆ ಮೂಡಿದ್ದನ್ನು ಇಬ್ಬರೂ ನಮ್ಮ ಬಚ್ಚಲ ಬಾಗಿಲಲ್ಲೇ ನಿಂತು ನೋಡಿದೆವು. ‘ಅಕ್ಕಾ, ಇಟ್ಕೊಳ್ಳೋದಾದ್ರೆ ನಾಳೆನೇ ತಾಯಿ ಕಾರ್ಡ್ ಮಾಡ್ಸೋಣ. ಬೇಡ ಅಂದ್ರೂ ನಾಳೆನೇ ಹೊರಡಿ. ಯೋಚ್ನೆ ಮಾಡ್ತಾ ಕೂತ್ರೆ ವಾರ ಓಡುತ್ತೆ’ ಅಂದಳು. ಲೆಕ್ಕ ಹೇಳಿಕೊಟ್ಟವಳೂ ಅವಳೇ. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ ತಿಂಗಳು ತಪ್ಪಿತು ಅನ್ನುವ ಹೊತ್ತಿಗೇ ನಾಲ್ಕು ವಾರ ಕಳೆದಿರುತ್ತದೆ. ಗುಳಿಗೆಯಲ್ಲಿ ಮುಗಿಸಲು ಒಂಬತ್ತು ವಾರದ ಒಳಗಿರಬೇಕು.

ಯಜಮಾನರಿಗೆ ಅವತ್ತೇ ರಾತ್ರಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈಗ ಕಾಫಿಗೆ ರೇಟಿದೆ, ಸಾಕ್ಬಹುದು. ನೀನು ಹೇಳ್ದಂಗೆ’ ಅಂದರು. ಒಳ್ಳೆಯ ಮಾತೇ. ಆದರೆ ‘ನೀನು ಹೇಳ್ದಂಗೆ’ ಅಂದ ಮೇಲೆ ಅವರ ಪಾಲಿನದ್ದು ಮುಗಿಯಿತು, ಮಗ್ಗುಲಾಗಿ ನಿದ್ದೆ ಹೋದರು.

ನನಗೆ ಬೇಡವಾಗಿತ್ತು. ಮಗನ ಹೆರಿಗೆಯಲ್ಲಿ ಬಿಪಿ ಏರಿ ಜೀವಕ್ಕೇ ಬಂದಿತ್ತು. ಅದನ್ನೇ ಮುಂದೆ ಮಾಡಿದರೆ ಜನ ಅಯ್ಯೋ ಪಾಪ ಅನ್ನುತ್ತಾರೆಂದು ಗೊತ್ತು. ಆದರೆ ಬಿಪಿ ಇಲ್ಲದಿದ್ದರೂ ನನಗೆ ಬೇಡವಾಗಿತ್ತು.

ಮೆಡಿಕಲ್ ಸ್ಟೋರಿನವನೊಬ್ಬ ಚೀಟಿಯಿಲ್ಲದೆ ಗುಳಿಗೆ ಕೊಡುತ್ತಾನೆಂದು ಆಳುಗಳ ಮಾತಿನಲ್ಲಿ ಕೇಳಿದ್ದೆ. ಹಾಗೆ ನುಂಗಿದ ಲೈನ್‌ಮನೆಯ ಹೆಂಗಸೊಬ್ಬಳನ್ನು ರಾತ್ರೋರಾತ್ರಿ ಜೀಪಿನಲ್ಲಿ ಹಾಕಿಕೊಂಡು ಹೋಗಿದ್ದನ್ನೂ ಕಂಡಿದ್ದೆ. ಬಸಿರು ಗರ್ಭಕೋಶದಲ್ಲಿ ನಿಲ್ಲದೆ ನಾಳದಲ್ಲಿ ನಿಂತಿದ್ದರೆ ಆ ಗುಳಿಗೆಯಿಂದ ಹೋಗುವುದಿಲ್ಲ, ನಾಳವೇ ಒಡೆಯಬಹುದು. ಡಾಕ್ಟರು ನೋಡದೆ ನುಂಗಬೇಡಿ.

ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ಹೋಗಬಹುದಿತ್ತು. ಆದರೆ ಅಲ್ಲಿ ಕಾಲಿಟ್ಟರೆ ನೆಂಟರೇ ಎದುರಾಗುತ್ತಾರೆ. ಗುಟ್ಟಾಗಿ ಆಗಲಿ ಎಂದು ಪೇಟೆಯ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಹೋದೆ. ಹೆಸರು ಬೇಡ.

ಕೌಂಟರಿಗೆ ಗಾಜು, ಗಾಜಿನಲ್ಲಿ ಕೈ ತೂರುವಷ್ಟು ಕಿಂಡಿ. ಒಳಗೆ ಕೂತವನಿಗೆ ಕೇಳಬೇಕಾದರೆ ಬಗ್ಗಿ ಕಿಂಡಿಗೆ ಬಾಯಿಟ್ಟು ಹೇಳಬೇಕು. ಹೇಳಿದೆ. ‘ಏನು?’ ಅಂದ. ಮತ್ತೆ ಹೇಳಿದೆ. ‘ಓ, ಅಬಾರ್ಷನ್ನಾ?’ ಹಿಂದಿನ ಬೆಂಚಿನಲ್ಲಿ ಕೆಮ್ಮುವ ಮಗುವನ್ನು ತೊಡೆ ಮೇಲೆ ಹಾಕಿಕೊಂಡಿದ್ದ ಹೆಂಗಸು ತಲೆಯೆತ್ತಿದಳು. ನಮ್ಮ ಪಕ್ಕದ ಊರಿನವಳು, ಕೆಂಚಮ್ಮನ ಜಾತ್ರೆಯಲ್ಲಿ ಮಾತಾಡಿಸಿದ ಮುಖ.

‘ಎಷ್ಟ್ ಮಕ್ಳು?’

‘ಎರಡು.’

‘ಗಂಡ ಬಂದಿದಾರಾ?’

‘ಇಲ್ಲ, ಕುಯ್ಲು.’

‘ಗಂಡನ ಸಹಿ ಬೇಕು, ಆಧಾರ್ ಜೆರಾಕ್ಸ್ ಬೇಕು. ಕರ್ಕೊಂಡು ಬನ್ನಿ.’

‘ಕಾನೂನಲ್ಲಿ ಗಂಡನ ಸಹಿ ಕೇಳಿಲ್ಲ’ ಅಂದೆ. ಆಶಾ ಹೇಳಿದ್ದು, ಮಗಳ ಮೊಬೈಲಿನಲ್ಲಿ ನಾನೇ ಓದಿಯೂ ಇದ್ದೆ. ಅವನಿಗೆ ನಗು ಬಂತು. ‘ಕಾನೂನು ನಮಗೂ ಗೊತ್ತಮ್ಮಾ. ನಾಳೆ ನಿಮ್ಮ ಯಜಮಾನ್ರು ಬಂದು ಗಲಾಟೆ ಮಾಡಿದ್ರೆ ನೀವು ಬಂದು ನಿಲ್ತೀರಾ?’ ಬೆಂಚಿನಲ್ಲಿ ಯಾರೋ ಗಂಡಸು, ‘ಅವ್ರು ಹೇಳೋದೂ ಸರಿ ಅಲ್ವಾ’ ಅಂದ. ನನ್ನ ಕಿವಿ ಬಿಸಿಯಾಯಿತು. ಡಾಕ್ಟರನ್ನು ನೋಡಬೇಕು ಅಂದೆ. ಫಾರಂ ತುಂಬದೆ ಒಳಗೆ ಬಿಡಲ್ಲ ಅಂದ. ಹೆಸರು, ಊರು, ಫೋನ್ ನಂಬರು ಬರೆದ ಚೀಟಿ ಆಗಲೇ ಅವನ ಕೈಯಲ್ಲಿತ್ತು. ವಾಪಸ್ ಕೊಡಿ ಅಂದರೆ ಕೊಡಲಿಲ್ಲ.

ಒಂದು ಫೋನ್ ಮಾಡಿದ್ದರೆ ಯಜಮಾನರು ಬೈಕ್ ಹತ್ತಿ ಬಂದು ಸಹಿ ಹಾಕಿ ಹೋಗುತ್ತಿದ್ದರು. ನನಗೂ ಗೊತ್ತಿತ್ತು. ಮಾಡಲಿಲ್ಲ. ನನ್ನ ಹಟದಿಂದಲೇ ತಡವಾಯಿತು ಎಂದು ನಮ್ಮ ಮನೆಯವರು ಇವತ್ತಿಗೂ ಹೇಳುತ್ತಾರೆ. ಹೇಳಲಿ. ಹೊಟ್ಟೆ ನನ್ನದು, ಪ್ರಾಯ ನಲವತ್ತರ ಹತ್ತಿರ, ತೋಟದ ಬ್ಯಾಂಕ್ ಸಾಲಕ್ಕೆ ನನ್ನ ಸಹಿಯೂ ಆಗುತ್ತದೆ. ಇದಕ್ಕೆ ಮಾತ್ರ ಆಗುವುದಿಲ್ಲವೇ?

ವಾಪಸ್ ಬರುವಾಗ ಆನೆಗಳು ದಾರಿ ದಾಟುತ್ತಿವೆಯೆಂದು ಬಸ್ಸು ನಿಲ್ಲಿಸಿಬಿಟ್ಟರು. ನಮ್ಮ ಕಡೆ ಇದು ಹೊಸದಲ್ಲ. ಎಲ್ಲರೂ ಕಿಟಕಿಗೆ ಮೊಬೈಲ್ ಹಿಡಿದು ನಿಂತರು. ಅಷ್ಟರಲ್ಲಿ ಆ ಮಹಾನುಭಾವ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದ್ದ. ಅದು ನಮ್ಮ ಮನೆಯಲ್ಲೇ ಇರುವ ಫೋನು. ಎತ್ತಿದ್ದು ಅತ್ತೆ. ‘ಅಬಾರ್ಷನ್ನಿಗೆ ಬಂದಿದ್ರಲ್ಲ, ನಾಳೆ ಗಂಡನ್ನ ಕರ್ಕೊಂಡು ಬರೋಕೆ ಹೇಳಿ.’ ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಬಸಿರು ತೆಗೆಸಿಕೊಂಡವಳ ಗುಟ್ಟನ್ನು ಡಾಕ್ಟರು ಹೊರಗೆ ಬಿಟ್ಟರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ ಎಂದು ಎಂಟಿಪಿ ಕಾಯ್ದೆಯ 5ಎ ಕಲಮು ಹೇಳುತ್ತದೆ. ಆಗ ನನಗೆ ಗೊತ್ತಿರಲಿಲ್ಲ, ಗೊತ್ತಿದ್ದಿದ್ದರೆ ಕಿಂಡಿಯಲ್ಲೇ ಹೇಳಿ ಬರುತ್ತಿದ್ದೆ.

ಅತ್ತೆ ಕೂಗಾಡಲಿಲ್ಲ. ಒಲೆ ಮುಂದೆ ಕೂತು, ‘ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ ಕಣೇ. ಸ್ಕ್ಯಾನ್ ಮಾಡ್ಸಿ ನೋಡು, ಗಂಡಾದ್ರೆ ಇರ್ಲಿ’ ಅಂದರು. ಹಾಗೆ ನೋಡಿಸುವುದು 1994ರ ಕಾಯ್ದೆಯ ಪ್ರಕಾರ ಅಪರಾಧ ಅಂದೆ. ‘ನಿಂಗೆ ಬೇಕಾದ ಕಾನೂನು ಮಾತ್ರ ಹೇಳ್ತೀಯ’ ಅಂದರು. ಆಮೇಲೆ ತಮ್ಮ ಮಗಳಿಗೆ ಫೋನ್ ಮಾಡಿದರು.

ಬೆಳಿಗ್ಗೆ ಮೊದಲ ಬಸ್ಸಿಗೇ ನಾದಿನಿ ಬಂದಳು. ಮದುವೆಯಾಗಿ ವರ್ಷಗಳಾದವು, ಮಕ್ಕಳಿಲ್ಲ. ಬೆಂಗಳೂರಿನಲ್ಲಿ ಚಿಕಿತ್ಸೆಗೆ ಒಡವೆಯನ್ನೂ ಹಾಕಿ ಕಳೆದಿದ್ದಾರೆ. ನಾನು ರೊಟ್ಟಿ ತಟ್ಟುತ್ತಿದ್ದೆ. ಚೀಲ ಕೂಡ ಇಳಿಸದೆ ಅಡಿಗೆಮನೆಯ ಹೊಸ್ತಿಲಲ್ಲೇ ಕೂತಳು. ‘ಅತ್ತಿಗೆ, ನಂಗೆ ಕೊಡಿ. ಹೊತ್ತು ಕೊಡಿ ಸಾಕು. ಆಸ್ಪತ್ರೆ ಖರ್ಚು ನಮ್ದು, ಬಾಣಂತನ ನಾನೇ ಮಾಡ್ತೀನಿ.’ ಕಾವಲಿಯ ಮೇಲಿನ ರೊಟ್ಟಿ ಸೀದಿತು. ಅವಳು ಎದ್ದು ತೆಗೆದು ಪಕ್ಕಕ್ಕಿಟ್ಟು ಮತ್ತೆ ಬಂದು ಕೂತಳು.

ಅವತ್ತು ರಾತ್ರಿ ಅದನ್ನು ನಿಜವಾಗಿಯೂ ಯೋಚಿಸಿದೆ. ನೆಂಟರಲ್ಲೇ ದತ್ತು ಕೊಡುವುದಕ್ಕೆ 1956ರ ಹಿಂದೂ ದತ್ತು ಕಾಯ್ದೆಯಲ್ಲಿ ದಾರಿಯಿದೆ. ಅದಕ್ಕೆ ತಂದೆ ತಾಯಿ ಇಬ್ಬರೂ ಒಪ್ಪಬೇಕು. ಯಜಮಾನರು ಒಪ್ಪುತ್ತಿದ್ದರು, ತಂಗಿ ಅಲ್ಲವೇ. ಆದರೆ ಮತ್ತೆ ಆ ಬಿಪಿ, ಮತ್ತೆ ಆ ಹೆರಿಗೆ. ಆಮೇಲೆ ಪ್ರತಿ ಯುಗಾದಿಗೂ ಗೌರಿಗೂ ಅದೇ ಮಗು ಬಂದು ನನ್ನನ್ನು ಅತ್ತೆ ಅನ್ನಬೇಕು, ಅದರ ತಟ್ಟೆಗೆ ಒಬ್ಬಟ್ಟು ಹಾಕಿ ನಾನು ಸುಮ್ಮನಿರಬೇಕು. ಆಗಲ್ಲ ಅಂದೆ. ಅವಳು ಅಳಲಿಲ್ಲ. ಸೆರಗು ಕೊಡವಿಕೊಂಡು ಎದ್ದು ಹೋದಳು.

ಮತ್ತೆ ನಾನು ಯಾರನ್ನೂ ಕೇಳಲಿಲ್ಲ. ಆಶಾ ಜೊತೆ ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಆಶಾಳನ್ನೂ ಹೊರಗೆ ಕೂರಿಸಿ, ‘ಇದು ನಿಮ್ಮ ತೀರ್ಮಾನನಾ, ಮನೆಯವರದ್ದಾ?’ ಎಂದು ಕೇಳಿದರು. ಇಷ್ಟೆಲ್ಲ ಆದ ಮೇಲೆ ಮೊದಲ ಸಲ ಒಬ್ಬರು ನನ್ನನ್ನು ಕೇಳಿದ್ದು. ಸ್ಕ್ಯಾನಿನಲ್ಲಿ ಒಂಬತ್ತು ವಾರ ದಾಟಿತ್ತು, ಗುಳಿಗೆ ಆಗಲಿಲ್ಲ, ಸಕ್ಷನ್ ಮಾಡಿದರು. ನನ್ನದು ನೆಗೆಟಿವ್ ಗ್ರೂಪ್, ಅದಕ್ಕೆ ಆಂಟಿ ಡಿ ಇಂಜೆಕ್ಷನ್ ಕೊಟ್ಟರು; ನೆಗೆಟಿವ್ ಇರುವವರು ಕೇಳಿ ಹಾಕಿಸಿಕೊಳ್ಳಿ. ಒಪ್ಪಿಗೆಯ ಫಾರಂ ಸಿ ಒಂದೇ ಹಾಳೆ. ಹೆಸರು, ಯಾರ ಮಗಳು ಅಥವಾ ಯಾರ ಹೆಂಡತಿ, ವಯಸ್ಸು, ಕೆಳಗೆ ನನ್ನ ಸಹಿ. ಗಂಡ ಸಹಿ ಹಾಕುವ ಜಾಗವೇ ಅದರಲ್ಲಿಲ್ಲ. ಸಂಜೆ ಹೊತ್ತಿಗೆ ಮನೆಯಲ್ಲಿದ್ದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ.

ಮತ್ತೆ ಕಾಪರ್ ಟಿ ಹಾಕುತ್ತೇವೆ ಅಂದಾಗ ಬೇಡ ಅಂದೆ. ಈ ಸಲ ಯಜಮಾನರೇ ಮುಂದಿನ ಕ್ಯಾಂಪಿಗೆ ಹೋಗಿ ಬಂದರು, ಕುಯ್ಲಿನ ಮಾತೆತ್ತಲಿಲ್ಲ. ಗಂಡಸರ ಆಪರೇಷನ್ ಆದ ಮೇಲೂ ಮೂರು ತಿಂಗಳು ಬೇರೆ ಮುನ್ನೆಚ್ಚರಿಕೆ ಬೇಕು, ಪರೀಕ್ಷೆ ಮಾಡಿಸಿ ನೋಡಿದ ಮೇಲೇ ನೆಮ್ಮದಿ. ಇದನ್ನು ಎಷ್ಟೋ ಗಂಡಸರು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಇಪ್ಪತ್ತು ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಇಪ್ಪತ್ತರಿಂದ ಇಪ್ಪತ್ತನಾಲ್ಕಕ್ಕೆ ಇಬ್ಬರು ಬೇಕು, ಅದೂ ಕೆಲವು ಸಂದರ್ಭಗಳಲ್ಲಿ ಮಾತ್ರ: ಅತ್ಯಾಚಾರ, ವಿಧವೆಯಾಗುವುದು, ವಿಚ್ಛೇದನ, ಹೀಗೆ. ಮದುವೆಯಾಗದವರನ್ನು ಇದರಿಂದ ಹೊರಗಿಡುವಂತಿಲ್ಲ, ಡಾಕ್ಟರುಗಳು ಮನೆಯವರ ಒಪ್ಪಿಗೆಗೆ ಪಟ್ಟು ಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಹದಿನೆಂಟು ತುಂಬದ ಹುಡುಗಿಯಾದರೆ ಪೋಷಕರ ಒಪ್ಪಿಗೆ ಬೇಕು, ಪೋಕ್ಸೊ ಪ್ರಕಾರ ಪೊಲೀಸರಿಗೆ ತಿಳಿಸಲೂಬೇಕು. ಆದರೆ ಹುಡುಗಿ, ಪೋಷಕರು ಕೇಳಿಕೊಂಡರೆ ಡಾಕ್ಟರು ಹೆಸರು ಹೇಳಬೇಕಿಲ್ಲ ಎಂಬುದೂ ಅದೇ ತೀರ್ಪಿನಲ್ಲಿದೆ. ಹೆತ್ತು ಸಾಕಲಾಗದವರು ತೊಟ್ಟಿಗೆ ಹಾಕುವ ಕಾಲ ಇದಲ್ಲ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು, ಮನಸ್ಸು ಬದಲಾದರೆ ವಾಪಸ್ ಕೇಳಲು 60 ದಿನ ಇದೆ. ಮನೆಯಲ್ಲಿ ಹೊಡೆತ ಬಡಿತವಿದ್ದರೆ 181. ಆರೋಗ್ಯದ ಪ್ರಶ್ನೆಗೆ 104. ಆಸ್ಪತ್ರೆಯ ಚೀಟಿಯಲ್ಲಿ ನಿಮ್ಮ ಕೈಯಲ್ಲೇ ಇರುವ ಮೊಬೈಲಿನ ನಂಬರು ಬಿಟ್ಟು ಬೇರೆ ಬರೆಯಬೇಡಿ.

ನಾದಿನಿ, ಅವಳ ಗಂಡ ಈಗ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ ಕಾರಾದಲ್ಲಿ ದತ್ತಿಗೆ ಹೆಸರು ಬರೆಸಿದ್ದಾರೆ. ಕಾಗದಪತ್ರ ಅಪ್‌ಲೋಡ್ ಮಾಡಿಕೊಟ್ಟವಳು ನನ್ನ ಮಗಳು. ನನ್ನ ಹತ್ತಿರ ನಾದಿನಿಗೆ ಮಾತಿಲ್ಲ. ನಾನು ಕೊಡಲಿಲ್ಲ ಎಂದು ಅವಳು ಸಿಟ್ಟಾದರೆ ನನಗೆ ಅರ್ಥವಾಗುತ್ತದೆ. ಕೇಳಿದ್ದರಲ್ಲೂ ತಪ್ಪಿಲ್ಲ. ನಾನು ಇಲ್ಲ ಅಂದದ್ದನ್ನು ಹೋದಹೋದ ಮದುವೆ ಮನೆಯಲ್ಲೆಲ್ಲ ಹೇಳಿಕೊಂಡು ಬಂದಳಲ್ಲ, ಅದನ್ನು ಮಾತ್ರ ನಾನು ಮರೆಯುವವಳಲ್ಲ.