‘ಹರ್-2’ ಪರೀಕ್ಷೆಯನ್ನು ಬಿಡಬಾರದೇಕೆ?

ಸ್ತನ ಕ್ಯಾನ್ಸರ್ ಇದೆಯೆಂದು ತಿಳಿದವರ ವರದಿಯಲ್ಲಿ ‘ಹರ್-2’ ಎಂಬ ಹೆಸರನ್ನು ಭಕ್ತರು ನೋಡಿರಬಹುದು. ಜೀವಕೋಶದ ಹೊರಪೊರೆಯಲ್ಲಿ ನಿಂತು, ಬೆಳೆಯುವಂತೆ ಒಳಗೆ ಸಂದೇಶ ಕಳುಹಿಸುವುದು ಈ ಪ್ರೋಟೀನಿನ ಕಾಯಕ. ಮಿತಿಯಲ್ಲಿದ್ದರೆ ಕೇಡಿಲ್ಲ. ನೂರು ರೋಗಿಗಳಲ್ಲಿ ಸುಮಾರು 15ರಿಂದ 20 ಮಂದಿಯಲ್ಲಿ ಇದು ಮಿತಿಮೀರಿ ಹೆಚ್ಚಿ, ಗಂಟು ವೇಗವಾಗಿ ಬೆಳೆಯುತ್ತದೆ.

ಇದನ್ನು ಕಂಡುಹಿಡಿಯುವ ಬಗೆ ಸೊಗಸಾದುದು. ಪ್ರತಿಕಾಯವೆಂದರೆ ತನ್ನ ಗುರಿಯನ್ನು ಗುರುತಿಸಿ ಅದಕ್ಕೇ ಅಂಟಿಕೊಳ್ಳುವ ಪ್ರೋಟೀನು. ಹರ್-2ಕ್ಕೆ ಅಂಟುವ ಪ್ರತಿಕಾಯವನ್ನು ಗಂಟಿನ ತುಣುಕಿನ ಮೇಲೆ ಹಾಕಿ ಬಣ್ಣ ಬರಿಸಿದರೆ, ಕೋಶದ ಅಂಚು ಕಂದಾಗಿ ಕಾಣುತ್ತದೆ. ಅಂಚಿನ ಸುತ್ತ ಗಾಢವಾಗಿದ್ದರೆ 3+. ವರದಿಯಲ್ಲಿ 0 ಅಥವಾ 1+ ಇದ್ದರೆ ಅಧಿಕವಾಗಿಲ್ಲ. ಆದರೆ 2+ ಎಂದರೆ ನಿರ್ಣಯವಾಗಿಲ್ಲ. ‘ಫಿಶ್’ ಎಂಬ ಜೀನ್ ಪರೀಕ್ಷೆ ಬೇಕು. ಖರ್ಚಿಗೆ ಅಂಜಿ ಇದನ್ನು ಬಿಡುವವರಿದ್ದಾರೆ. ಬಿಡಬಾರದೆಂದೇ ನಾವು ಹೇಳುತ್ತೇವೆ. ಏಕೆಂದರೆ ಔಷಧವೂ ಇದೇ ಪ್ರೋಟೀನಿಗೆ ಅಂಟುವ ಪ್ರತಿಕಾಯವೇ: ಟ್ರಾಸ್ಟುಜುಮ್ಯಾಬ್. ಹರ್-2 ಹೆಚ್ಚಿದೆಯೆಂದು ಗೊತ್ತಾಗದೆ ಅದನ್ನು ಕೊಡುವಂತಿಲ್ಲ. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಪಡೆದ ಈ ಔಷಧಕ್ಕೆ ಸಮಾನವಾದುದನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆ 2014ರಲ್ಲಿ ನಮ್ಮ ದೇಶದಲ್ಲಿ ಹೊರತಂದಿತು. ಇದು ಕೆಲವರ ಹೃದಯವನ್ನು ದುರ್ಬಲಗೊಳಿಸುವುದರಿಂದ, ಚಿಕಿತ್ಸೆಗೆ ಮೊದಲೂ ನಡುನಡುವೆಯೂ ಎಕೋ ಪರೀಕ್ಷೆ ಮಾಡಿಸುತ್ತಿರಬೇಕು.