ಕೀಮೋ ನಂತರದ ಇಂಜೆಕ್ಷನ್: ಬೆನ್ನುನೋವನ್ನು ಮಗ್ಗದ ಮೇಲೆ ಹಾಕಬೇಡಿ

ಹುಬ್ಬಳ್ಳಿ, ಬೆಳಗಾವಿ ಇಲ್ಲವೇ ಮಿರಜ್‌ನಲ್ಲಿ ಕೀಮೋ ಮುಗಿಸಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗೆ ಮರಳುವ ಹಲವರ ಚೀಟಿಯಲ್ಲಿ ಇನ್ನೊಂದು ಇಂಜೆಕ್ಷನ್ ಇರುತ್ತದೆ: ಫಿಲ್‌ಗ್ರಾಸ್ಟಿಮ್ ಅಥವಾ ಪೆಗ್‌ಫಿಲ್‌ಗ್ರಾಸ್ಟಿಮ್. ಕೀಮೋದಿಂದ ಕುಸಿದ ಬಿಳಿ ರಕ್ತಕಣಗಳನ್ನು ಹೆಚ್ಚಿಸಿ ಸೋಂಕು ತಡೆಯುವ ಮದ್ದು ಇದು. ತೀರ ಅಪರೂಪಕ್ಕೆ ಇದರಿಂದ ಹೃದಯದಿಂದ ಹೊರಡುವ ಮಹಾಪಧಮನಿಯ ಗೋಡೆಗೆ ಉರಿಯೂತವಾಗುತ್ತದೆ. 2018ರಲ್ಲಿ ಜಪಾನ್ ಮತ್ತು ಯುರೋಪಿನ ಔಷಧ ನಿಯಂತ್ರಕರು ಈ ಎಚ್ಚರಿಕೆಯನ್ನು ಮದ್ದಿನ ಮಾಹಿತಿ ಪತ್ರಕ್ಕೆ ಸೇರಿಸಿದರು. ಇದಕ್ಕೆ ಹೆದರಿ ಇಂಜೆಕ್ಷನ್ ತಪ್ಪಿಸಿದರೆ ಸೋಂಕಿನ ಅಪಾಯವೇ ದೊಡ್ಡದು.

ಇಂಜೆಕ್ಷನ್ ಹಾಕಿಸಿದ ದಿನವೇ ಅದರ ಹೆಸರು, ತಾರೀಖು ಬರೆದಿಡಿ. ಡಬ್ಬಿಯನ್ನು ಫೈಲಿನೊಳಗೆ ಇಡಿ. ಊರಿನ ದವಾಖಾನೆಯಲ್ಲಿ ‘ಕೀಮೋ ಆಗೇದ್ರಿ’ ಎಂದಷ್ಟೇ ಹೇಳಿದರೆ ಈ ಇಂಜೆಕ್ಷನ್ನಿನ ಸುಳಿವು ವೈದ್ಯರಿಗೆ ಸಿಗುವುದಿಲ್ಲ.

ಮುಂದಿನ ಎರಡು ವಾರ ಮೈಮೇಲೆ ನಿಗಾ ಇರಲಿ. ಸೊಂಟ, ತೊಡೆಯ ಎಲುಬು ನೋಯುವುದು ಈ ಮದ್ದಿನಲ್ಲಿ ಸಾಮಾನ್ಯ. ಕೆಲ ದಿನಗಳಲ್ಲಿ ಇಳಿಯುತ್ತದೆ. ತೊಡಕಿರುವುದೂ ಇಲ್ಲೇ: ಮಹಾಪಧಮನಿಯ ಉರಿಯೂತವೂ ಬೆನ್ನುನೋವಾಗಿ ಕಾಣಿಸಬಹುದು. ಬನಹಟ್ಟಿಯ ನೇಕಾರ ಬೆನ್ನುನೋವನ್ನು ಮಗ್ಗದ ಲೆಕ್ಕಕ್ಕೆ ಹಾಕುತ್ತಾನೆ, ಮುಧೋಳದ ರೈತ ಕಬ್ಬಿನ ಹೊಲದ ಲೆಕ್ಕಕ್ಕೆ. ನೋವಿನ ಜೊತೆ ಜ್ವರ, ವಿಪರೀತ ಸುಸ್ತು ಇದ್ದರೆ, ಹೊಟ್ಟೆ, ಎದೆ ಅಥವಾ ಕುತ್ತಿಗೆಯಲ್ಲೂ ನೋವಿದ್ದರೆ ಆ ಲೆಕ್ಕ ಬಿಟ್ಟು ವೈದ್ಯರಿಗೆ ತೋರಿಸಿ.

ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ನುಂಗಿ ಬೆಳಗಿನ ತನಕ ಕಾಯಬೇಡಿ. ಜ್ವರ ಮರೆಯಾಗುತ್ತದೆ, ಕಾಯಿಲೆ ಹಾಗೇ ಇರುತ್ತದೆ. ವೈದ್ಯರು ಮೊದಲು ಸೋಂಕನ್ನೇ ಹುಡುಕುತ್ತಾರೆ, ಅದೇ ಸರಿ. ಸೋಂಕು ಸಿಗದೆ, ಆ್ಯಂಟಿಬಯಾಟಿಕ್‌ಗೂ ಜ್ವರ ಬಗ್ಗದೆ, ರಕ್ತದಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ಏರಿದ್ದರೆ ಈ ಇಂಜೆಕ್ಷನ್ನಿನ ಮಾತು ತೆಗೆಯಿರಿ. ಮಹಾಪಧಮನಿಯ ಉರಿಯೂತ ಕಾಣುವುದು ಕಾಂಟ್ರಾಸ್ಟ್ ಹಾಕಿದ ಸಿಟಿ ಸ್ಕ್ಯಾನ್‌ನಲ್ಲಿ. ಆ ಮದ್ದು ನಿಲ್ಲಿಸಿದರೆ, ಬೇಕಾದರೆ ಸ್ಟೀರಾಯ್ಡ್ ಕೊಟ್ಟರೆ, ಸಾಮಾನ್ಯವಾಗಿ ಗುಣವಾಗುತ್ತದೆ. ಸ್ಟೀರಾಯ್ಡನ್ನು ನೀವಾಗಿ ಮೆಡಿಕಲ್ ಶಾಪ್‌ನಲ್ಲಿ ಕೊಳ್ಳಬೇಡಿ.

ರಕ್ತ ಹೆಚ್ಚಿಸಲು ಕೊಡುವ ಎರಿಥ್ರೊಪೊಯೆಟಿನ್ ಇಂಜೆಕ್ಷನ್ನಿನದು ಬೇರೆ ಕಥೆ: ರಕ್ತ ಹೆಪ್ಪುಗಟ್ಟುವ ಅಪಾಯ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅಂದೇ ತೋರಿಸಿ. ದಿಢೀರ್ ಉಸಿರುಗಟ್ಟಿದರೆ 108ಕ್ಕೆ ಕರೆ ಮಾಡಿ.

ಇಂಥದ್ದೇನಾದರೂ ಆಗಿದ್ದರೆ ಮುಂದಿನ ಕೀಮೋಗೆ ಹೋದಾಗ ಡಿಸ್ಚಾರ್ಜ್ ಚೀಟಿಯನ್ನು ಕ್ಯಾನ್ಸರ್ ವೈದ್ಯರ ಕೈಗೇ ಕೊಡಿ. ಅವರು ಅದನ್ನು ನೋಡುವ ಮೊದಲು ಅದೇ ಇಂಜೆಕ್ಷನ್ ಮತ್ತೆ ಹಾಕಿಸಿಕೊಳ್ಳಬೇಡಿ.